ಅಕ್ಕನ ಮನೆ ದಾಟಿ ಹೋದ ಸೈಕಲ್ಲು

ಮೋಹನ್‌ಕುಮಾರನಂಥ ಹಠಮಾರಿಯನ್ನು ನಾನು ಹಾಸನದಲ್ಲೇ ಇನ್ನೊಬ್ಬನನ್ನು ಕಂಡಿಲ್ಲ. ಆಫೀಸಿನಲ್ಲಿ ನಮ್ಮಿಬ್ಬರದೂ ಪಕ್ಕಪಕ್ಕದ ಮೇಜು. ಬಿ.ಪಿ. ಜಾಸ್ತಿಯಾಗಿದೆ, ಸ್ವಲ್ಪ ಮೈ ಬಗ್ಗಿಸಿ ಎಂದು ಡಾಕ್ಟರು ಹೇಳಿದ್ದೇ ತಡ, ಈ ಮಹಾರಾಯ ತನಗೊಂದು, ಹೆಂಡತಿ ಸ್ನೇಹಲತಾಗೊಂದು, ಪಿಯುಸಿ ಓದುವ ಮಗಳು ರಂಜನಿಗೊಂದು ಗೇರ್ ಸೈಕಲ್ಲು ತಂದೇಬಿಟ್ಟ. ಸಾಲದ್ದಕ್ಕೆ ನನ್ನನ್ನೂ ಎಳೆದುಕೊಂಡ. "ನಾನ್ಯಾಕಪ್ಪಾ?" ಎಂದರೆ, "ನಿನ್ ಹೊಟ್ಟೆ ನೋಡ್ಕೊಳ್ಲಾ ಮೊದ್ಲು" ಎಂದ. ನೋಡಿಕೊಂಡೆ. ಬಾಯಿ ಮುಚ್ಚಿಕೊಂಡು ಹಿಂದೆ ಹೊರಟೆ.

ನಮ್ಮ ಸೈಕಲ್ ಬಳಗದವರು ದೀಪಾವಳಿ ಕಳೆದ ಮೇಲೆ ಒಂದು ದೊಡ್ಡ ಸವಾರಿ ಇಟ್ಟುಕೊಂಡಿದ್ದರು. ಬೆಳಕು ಹರಿಯುತ್ತಲೇ ಹಾಸನ ಬಿಟ್ಟು, ಗೊರೂರು, ಅರಕಲಗೂಡು, ರಾಮನಾಥಪುರ, ಹೊಳೆನರಸೀಪುರ, ಚನ್ನರಾಯಪಟ್ಟಣ ಸುತ್ತಿ ಕತ್ತಲಾಗುವುದರೊಳಗೆ ವಾಪಸು ಬರಬೇಕು. ಬಂದವರಿಗೆಲ್ಲ ಪದಕ. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಅದೇ ಪದಕ. ಗಂಡ, ಹೆಂಡತಿ, ಮಗಳು ಮೂವರೂ ಪದಕ ಹಾಕಿಕೊಂಡು ಫೋಟೋ ತೆಗೆಸಿ ಗೋಡೆಗೆ ಹಾಕಬೇಕು ಅನ್ನುವುದು ಅವನ ಆಸೆ. ತಪ್ಪೇನಿಲ್ಲ ಬಿಡಿ.

ಭಾನುವಾರ ಬಂತೆಂದರೆ ಗೊರೂರಿನ ಕಡೆ ಅಭ್ಯಾಸ. ಅರಕಲಗೂಡಿಗೆ ಸ್ವಲ್ಪ ಮುಂಚೆ ರಸ್ತೆಗೇ ಅಂಟಿಕೊಂಡಂತೆ ಅವನ ಅಕ್ಕ ಪುಟ್ಟತಾಯಮ್ಮನ ಮನೆ. ತಾಯಿ ತೀರಿಕೊಂಡಾಗ ಇವನಿನ್ನೂ ಅಂಬೆಗಾಲಿನ ಕೂಸು. ಸೊಂಟದ ಮೇಲಿಟ್ಟುಕೊಂಡು ಸಾಕಿದವಳು ಆಕೆ. ಇವನು ಚಪ್ಪಲಿ ಬಿಟ್ಟವನೇ ಸೀದಾ ಒಲೆಯ ಮುಂದೆ ಹೋಗಿ ಕೂರುತ್ತಿದ್ದ. ಆಕೆ ಕಾವಲಿಯ ಮೇಲಿಂದ ಅಕ್ಕಿರೊಟ್ಟಿ ಎತ್ತಿ ಇವನ ತಟ್ಟೆಗೆ ಹಾಕಿ, ಮೇಲೆ ಹುಚ್ಚೆಳ್ಳು ಚಟ್ನಿ ಸುರಿಯುತ್ತಿದ್ದಳು. "ಸಾಕು ಕಣಕ್ಕಾ" ಎಂದರೆ, "ತಿನ್ಲಾ ಸುಮ್ಕೆ, ಆ ಸೈಕಲ್ ತುಳ್ದು ಕಡ್ಡಿ ಆಗಿದ್ದೀಯ" ಎನ್ನುತ್ತಿದ್ದಳು. ಅಷ್ಟು ತಿಂದ ಮೇಲೆ ಸೈಕಲ್ಲು ತುಳಿಯುವವರು ಯಾರು? ಜಗುಲಿಯ ಮೇಲೆ ಅಡ್ಡಾಗಿ ಗೊರಕೆ ಹೊಡೆಯುತ್ತಿದ್ದೆವು. ನನ್ನನ್ನು ಕೇಳಿದರೆ ಆ ಭಾನುವಾರಗಳೇ ಚೆನ್ನ.

ಮೋಹನನಿಗೆ ಮಾತ್ರ ದಿಗಿಲು ಹತ್ತಿತು. ಹೀಗಾದರೆ ಅಭ್ಯಾಸ ಆದ ಹಾಗೇ ಎಂದುಕೊಂಡು ಚನ್ನರಾಯಪಟ್ಟಣದ ಕಡೆ ತಿರುಗಿಕೊಂಡ. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದ. ಪಾಪ, ಆಕೆ ನಂಬಿದಳು.

ಸವಾರಿಯ ದಿನ ನಮ್ಮ ದಾರಿ ಆಕೆಯ ಬಾಗಿಲ ಮುಂದೆಯೇ ಹೋಗಬೇಕು ತಾನೆ? ರಂಜನಿ ಹಿಂದಿನ ದಿನವೇ ಫೋನು ಮಾಡಿ, "ಅತ್ತೆ, ನಾಳೆ ಬರ್ತಿದ್ದೀವಿ" ಎಂದಿದ್ದಳು. ಅಷ್ಟು ಸಾಕಾಯಿತು. ಪುಟ್ಟತಾಯಮ್ಮ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ನನ್ನ ತಮ್ಮ ಬರುತ್ತಾನೆ ಎಂದು ಬೀದಿಗೆಲ್ಲ ಸಾರಿದ್ದಳು. ಅಪ್ಪ ಅಮ್ಮ ಇಲ್ಲದ ಹೆಣ್ಣುಮಗಳಿಗೆ ತಮ್ಮನೇ ತವರು. ಬಾಗಿಲಿಗೆ ಬಂದ ತವರಿನವನು ಹೊಸಿಲು ತುಳಿಯದೆ ಹೋದರೆ ಆಕೆಯ ಮಾನ ಹರಾಜಿಗೆ ಬಿದ್ದಂತೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಆ ಸೀಮೆಯಲ್ಲೇ ಹುಟ್ಟಿ ಬೆಳೆದವನು!

ಅವನು ಎಲ್ಲರಿಗಿಂತ ಮುಂದಿದ್ದ. ನಾವು ಮೂವರೂ ಅವನ ಹಿಂದೆಯೇ ಕೂಗಳತೆಯಲ್ಲಿದ್ದೆವು. ಪುಟ್ಟತಾಯಮ್ಮ ಮಜ್ಜಿಗೆ ಚೊಂಬು ಹಿಡಿದು ರಸ್ತೆಗೇ ಬಂದು ನಿಂತಿದ್ದಳು. ಸುತ್ತ ನಾಲ್ಕಾರು ಹೆಂಗಸರು. ಆಕೆ ಚೊಂಬನ್ನು ಮುಂದೆ ಚಾಚಿದಳು. ಇವನು ತಲೆಯನ್ನೇ ಎತ್ತಲಿಲ್ಲ.

"ಟೈಮಿಲ್ಲ ಕಣಕ್ಕಾ, ಇನ್ನೊಂದ್ಸಲ ಬತ್ತೀನಿ!" ಎಂದು ಕೂಗಿ, ಸೈಕಲ್ಲನ್ನು ಪಕ್ಕಕ್ಕೆ ತಿರುಗಿಸಿಕೊಂಡು ಹೋಗಿಯೇಬಿಟ್ಟ.

ನಾವು ಬ್ರೇಕು ಹಾಕಿ ಇಳಿಯುವಾಗ ಪಕ್ಕದ ಮನೆಯವಳು ಕೇಳುತ್ತಿದ್ದಳು, "ಪುಟ್ತಾಯಕ್ಕಾ, ಅದು ನಿನ್ ತಮ್ಮ ಅಲ್ವಾ?"

"ಅವ್ನಲ್ಲ ಕಣವ್ವ" ಎಂದಳು ಪುಟ್ಟತಾಯಮ್ಮ. "ಅವ್ನು ಹಿಂದ್ಗಡೆ ಬತ್ತಾವ್ನೆ."

ಸ್ನೇಹಲತಾ ತಲೆ ತಗ್ಗಿಸಿದಳು. ಆಮೇಲೆ ಪುಟ್ಟತಾಯಮ್ಮ ನಮ್ಮನ್ನು ಒಳಗೆ ಕರೆದು ಬಡಿಸಿದಳು. ನಾವೂ ಹೊತ್ತು ನೋಡದೆ ಉಂಡೆವು. ಅವನ ಹೆಸರನ್ನು ಆಕೆಯೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಅಷ್ಟು ಹೊತ್ತು ಕೂತೆವಲ್ಲ, ಪದಕ ಹೋಯಿತು ಎಂದೇ ನಾನು ತಿಳಿದಿದ್ದೆ. ಎಲ್ಲಿ ಹೋಯಿತು! ಚನ್ನರಾಯಪಟ್ಟಣ ದಾಟಿ ಹಾಸನಕ್ಕೆ ಬಂದರೆ ಇನ್ನೂ ಒಳ್ಳೆ ಬೆಳಕು. ನನ್ನಂಥ ಡೊಳ್ಳುಹೊಟ್ಟೆಯವನ ಕೊರಳಿಗೂ ಪದಕ ಬಿತ್ತು. ಮೋಹನ ಆಗಲೇ ಬಂದು, ಸ್ನಾನವನ್ನೂ ಮುಗಿಸಿ, ಫೋಟೋಗೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದ.

"ಅಕ್ಕನ ಮನೇಲಿ ನಿಂತಿದ್ರಾ?" ಎಂದ, ನಂಬಲಾರದವನಂತೆ.

"ಊಟ ಮಾಡಿ, ಎಲೆಅಡಿಕೆ ಹಾಕ್ಕೊಂಡು ಬಂದ್ವಿ" ಎಂದಳು ಸ್ನೇಹಲತಾ. ಪಕ್ಕದ ಮನೆಯವಳು ಕೇಳಿದ್ದನ್ನೂ ಅಕ್ಕ ಹೇಳಿದ್ದನ್ನೂ ಹೇಳಿ, ಪದಕ ಬಿಚ್ಚಿ ಬ್ಯಾಗಿಗೆ ಹಾಕಿದಳು. ಫೋಟೋ ತೆಗೆಯುವ ಮಾತು ಯಾರೂ ಆಡಲಿಲ್ಲ. ಮೋಹನ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. "ನಿಂತಿದ್ರೂ ಆಗ್ತಿತ್ತಲ್ಲೋ, ನಿಂತಿದ್ರೂ ಆಗ್ತಿತ್ತು" ಎಂದು ಅದನ್ನೇ ಹೇಳಿಕೊಂಡ. ಬೈಯೋಣ ಎಂದು ಬಾಯಿ ತೆರೆದಿದ್ದ ನಾನು ಅವನ ಪಕ್ಕದಲ್ಲೇ ಕೂತೆ.

ಮುಂದಿನ ಭಾನುವಾರ ನನ್ನನ್ನು ಜೊತೆಗೆ ಕರೆದುಕೊಂಡು ಹೋದ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ಅಕ್ಕ ಬೈಯುತ್ತಾಳೆ, ನಾಲ್ಕು ಬಾರಿಸಿದರೂ ಬಾರಿಸಲಿ, ಕಾಲು ಹಿಡಿದುಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಬಡಬಡಿಸಿದ.

ಪುಟ್ಟತಾಯಮ್ಮ ಬೈಯಲಿಲ್ಲ. ನಗುಮುಖದಿಂದಲೇ ಬಾಗಿಲು ತೆರೆದಳು. ಅಡುಗೆಮನೆಯ ಕಡೆ ಹೆಜ್ಜೆ ಇಟ್ಟವನನ್ನು ತಡೆದು, ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿ, ಟವೆಲಿನಿಂದ ಒರೆಸಿದಳು. ಕುಡಿಯಲು ನೀರು ತಂದಿಟ್ಟಳು. "ಅಕ್ಕಾ, ಅವತ್ತು…" ಎಂದು ಇವನು ಶುರು ಮಾಡಿದ.

"ಅದ್ಕೇನೀಗ, ಬುಡು" ಎಂದು ಆಕೆ ಒಳಗೆ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ತಟ್ಟೆಯಲ್ಲಿ ಎರಡು ಲೋಟ ಕಾಫಿ, ಒಂದು ಬಟ್ಟಲು ಸಕ್ಕರೆ ಇಟ್ಟುಕೊಂಡು ಬಂದಳು. ಮೊದಲು ನನಗೆ ಕೊಟ್ಟಳು. ಆಮೇಲೆ ತಮ್ಮನ ಮುಂದೆ ತಟ್ಟೆ ಹಿಡಿದು ಕೇಳಿದಳು:

"ನೀನು ಸಕ್ರೆ ಎಷ್ಟು ಆಕ್ಕೊತೀಯಪ್ಪ?"