ಹಿಂದಿನ ಬೆಂಚಿನಲ್ಲಿ ಕುಳಿತ ಮಾಸ್ಟ್ರು

ಮೊನ್ನೆ ಹಳೆಯ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಕೂಡಲೇ ನೆನಪಾದದ್ದು ನಮ್ಮ ಲೆಕ್ಕದ ಮಾಸ್ಟ್ರ ಕರಿಕೋಟು. ಅವರಿಗಿದ್ದದ್ದು ಅದೊಂದೇ. ಇನ್‌ಸ್ಪೆಕ್ಟರು ಶಾಲೆಗೆ ಬರುವ ದಿನ ಮಾತ್ರ ಅದು ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು.

ಅರುವತ್ತರ ದಶಕದ ಆರಂಭ. ವೇಣೂರು ಕಡೆಯ ನಮ್ಮ ಹೈಸ್ಕೂಲಿನಲ್ಲಿ ಪಾಠವೆಲ್ಲ ಕನ್ನಡದಲ್ಲಿ. ಲೆಕ್ಕದಲ್ಲಿ ಅಣ್ಣ ಶಾಲೆಗೇ ಮೊದಲಿಗ. ಅವನು ಎಸ್ಸೆಸ್ಸೆಲ್ಸಿ ಪಾಸಾದಾಗ ಮಾಸ್ಟ್ರೇ ಮನೆಗೆ ಬಂದು, ಅಪ್ಪನನ್ನು ಒಪ್ಪಿಸಿ, ಮಂಗಳೂರಿನ ಕಾಲೇಜಿಗೆ ಸೇರಿಸಿದ್ದರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರು ಅದುವರೆಗೆ ಯಾರೂ ಇರಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ ಅವನು ಹಾಸಿಗೆ ಸುತ್ತಿಕೊಂಡು ವಾಪಸು ಬಂದ.

“ಎಲ್ಲ ಇಂಗ್ಲಿಷಿನಲ್ಲಿ ಹೇಳ್ತಾರೆ. ನನಗೆ ಬರುವ ಲೆಕ್ಕವೂ ಅಲ್ಲಿ ಅರ್ಥ ಆಗುವುದಿಲ್ಲ,” ಅಂದ. ಮತ್ತೆ ಆ ವಿಷಯ ಎತ್ತಲಿಲ್ಲ.

ಸುದ್ದಿ ತಿಳಿದ ಮಾಸ್ಟ್ರು ನಮ್ಮ ಮನೆಗೆ ಬರಲಿಲ್ಲ. ರಜೆ ಹಾಕಿ ಎಲ್ಲಿಗೋ ಹೋದರು. ಕಾಯಿಲೆಯೆಂದು ನಾವು ತಿಳಿದಿದ್ದೆವು. ಅವರು ಹೋದದ್ದು ಮಂಗಳೂರಿಗೆ. ಅಲ್ಲಿನ ಲೆಕ್ಚರರ ಒಪ್ಪಿಗೆ ಪಡೆದು, ಎರಡು ವಾರ ಪಿಯುಸಿ ತರಗತಿಯ ಹಿಂದಿನ ಬೆಂಚಿನಲ್ಲಿ, ತಮ್ಮ ಅರ್ಧ ಪ್ರಾಯದ ಹುಡುಗರ ಪಕ್ಕ ಕುಳಿತು ಪಾಠ ಕೇಳಿದ್ದರು.

ಹಿಂತಿರುಗಿದ ದಿನ ಬಸ್ಸಿಳಿದು ನೇರ ನಮ್ಮಲ್ಲಿಗೆ ಬಂದರು. ಮೈಮೇಲೆ ಅದೇ ಕೋಟು, ಕಂಕುಳಲ್ಲಿ ಎರಡು ನೋಟುಬುಕ್ಕು. ಅಮ್ಮ ತಂದಿಟ್ಟ ಬೆಲ್ಲ, ನೀರು ಮುಟ್ಟುವ ಮೊದಲೇ ಕೇಳಿದರು.

“ಅವನೆಲ್ಲಿ? ತಪ್ಪು ಅವನದ್ದಲ್ಲ, ನನ್ನದು. ಲೆಕ್ಕ ಕಲಿಸಿದೆ, ಅಲ್ಲಿ ಕೂತು ಕೇಳುವುದನ್ನು ಕಲಿಸಲಿಲ್ಲ. ಇನ್ನು ಕಲಿಸ್ತೇನೆ. ಬರುವ ವರ್ಷ ಪುನಃ ಸೇರಬಹುದು.”

ಅಪ್ಪ ತಲೆ ತಗ್ಗಿಸಿದರು. “ಅವ ಬೊಂಬಾಯಿಗೆ ಹೋಗಿ ನಾಲ್ಕು ದಿನ ಆಯ್ತು ಮಾಸ್ಟ್ರೇ. ಮಾವನ ಹೋಟೆಲಿಗೆ.”

ಮಾಸ್ಟ್ರು ಕಂಕುಳಿನ ನೋಟುಬುಕ್ಕುಗಳನ್ನು ಜಗಲಿಯ ಮೇಲಿಟ್ಟರು. ಆಮೇಲೆ, “ನಾನು ಬಂದದ್ದನ್ನು ಅವನಿಗೆ ಬರೆಯುವುದು ಬೇಡ. ಅಲ್ಲಿಯಾದರೂ ಮನಸ್ಸು ನಿಲ್ಲಲಿ,” ಅಂದರು. ಬಾಗಿಲ ಬಳಿ ನಿಂತಿದ್ದ ನಾನು ಕಣ್ಣಿಗೆ ಬಿದ್ದೆ. ಆಗ ನಾನು ಒಂಬತ್ತನೆಯ ತರಗತಿ. “ಇವಳನ್ನು ಕಳುಹಿಸಿ. ಶಾಲೆಯ ಗಂಟೆ ಹೊಡೆಯುವುದಕ್ಕೆ ಒಂದು ತಾಸು ಮೊದಲು.”

ಹಾಗೆ ನಾವು ಹತ್ತು ಹನ್ನೆರಡು ಮಂದಿ ದಿನವೂ ಬೆಳಿಗ್ಗೆ ಬೇಗ ಸೇರತೊಡಗಿದೆವು. ಹಿಂದಿನ ದಿನ ಕನ್ನಡದಲ್ಲಿ ಆದ ಪಾಠವೇ ಇಂಗ್ಲಿಷಿನಲ್ಲಿ. ಮಾಸ್ಟ್ರ ಇಂಗ್ಲಿಷೂ ತಡವರಿಸುತ್ತಿತ್ತು. ಆದರೂ ಲೆಕ್ಚರರ ಇಂಗ್ಲಿಷ್ ಮಾತುಗಳನ್ನು ಬರೆದುಕೊಂಡಿದ್ದ ಆ ನೋಟುಬುಕ್ಕು ನೋಡಿಕೊಂಡು ಅವರ ವೇಗದಲ್ಲೇ ಹೇಳುತ್ತಿದ್ದರು. ನಮ್ಮ ಕೈ ಸೋತರೂ ನಿಲ್ಲಿಸುತ್ತಿರಲಿಲ್ಲ. ಕೊನೆಗೆ ಒಬ್ಬೊಬ್ಬರೂ ಎದ್ದು ನಿಂತು, ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಬೇಕು. ನಮಗೆ ನಗು. ಅವರು ನಗುತ್ತಿರಲಿಲ್ಲ.

“ಅವನಿಗೆ ಈ ಒಂದು ವಾಕ್ಯ ಬಾಯಿಗೆ ಬಂದಿದ್ದರೆ ಸಾಕಿತ್ತು,” ಎಂದು ಒಂದು ದಿನ ಹಲಗೆಯ ಕಡೆ ಮುಖ ಮಾಡಿಯೇ ಹೇಳಿದರು.

ಮುಂದೆ ನಾನು ಕಾಲೇಜಿಗೆ ಸೇರಿದ ಎರಡನೆಯ ವಾರ, ಪಾಠದ ನಡುವೆ ಎದ್ದು ನಿಂತು ಆ ವಾಕ್ಯ ಹೇಳಿದೆ. ಲೆಕ್ಚರರು ನನ್ನನ್ನೊಮ್ಮೆ ನೋಡಿ, ಹಲಗೆ ಒರೆಸಿ, ಮೊದಲಿನಿಂದ ಶುರುಮಾಡಿದರು. ಸುತ್ತಲೂ ಎಷ್ಟೋ ಮಂದಿ ಪುನಃ ಬರೆದುಕೊಳ್ಳತೊಡಗಿದರು.

ಪಿಯುಸಿ ಪಾಸಾದ ಸುದ್ದಿ ಹೇಳಲು ಹೋದಾಗ ಮಾಸ್ಟ್ರು ಕೇಳಿದ್ದು ಒಂದೇ. “ಅಣ್ಣನ ಕಾಗದ ಬರ್ತದಾ?”

“ಬರ್ತದೆ ಮಾಸ್ಟ್ರೇ. ಚೆನ್ನಾಗಿದ್ದಾನೆ.”

ತಲೆಯಾಡಿಸಿದರು. ಮತ್ತೆ ಅವರನ್ನು ನೋಡುವ ಯೋಗ ನನಗಿರಲಿಲ್ಲ. ನಾನು ದೂರದ ಊರಿನಲ್ಲಿ ಟೀಚರಾಗಿದ್ದಾಗ, ಅವರು ತೀರಿಕೊಂಡರೆಂದು ಅಪ್ಪ ಬರೆದರು…

ಅಣ್ಣ ಬೊಂಬಾಯಿ ಬಿಟ್ಟು ಮೂಡುಬಿದಿರೆಗೆ ಬಂದು ನೆಲೆಸಿದ್ದು ಮುದುಕನಾದ ಮೇಲೆ. ಒಂದು ಮಧ್ಯಾಹ್ನ ಅವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಓದುತ್ತಿದ್ದ ಪೇಪರು ಮಡಚಿಟ್ಟ.

“ಮಾಸ್ಟ್ರಿಗೆ ಮುಖ ತೋರಿಸಲಿಕ್ಕೆ ನಾಚಿಕೆಯಾಗಿಯೇ ನಾನು ಓಡಿಹೋದದ್ದು,” ಅಂದ.

ಅಣ್ಣನೂ ಹೋಗಿ ಈಗ ಎರಡು ವರ್ಷ. ಅವನು ಆ ದಿನ ಹೇಳಿದ ಮಾತನ್ನು ಮಾಸ್ಟ್ರಿಗೆ ಮುಟ್ಟಿಸಲು ನನಗೆ ವಿಳಾಸವಿಲ್ಲ.