ಬಸವಲಿಂಗಮ್ಮನವರ ಚೆಂಡಾಟ

ಒಂದೇ ಒಂದು ನಿಯಮವೂ ಗೊತ್ತಿಲ್ಲದೆ ವರ್ಷಗಟ್ಟಲೆ ಬಾಸ್ಕೆಟ್‌ಬಾಲ್ ನೋಡಿದವರು ನಮ್ಮ ಪಕ್ಕದ ಮನೆಯ ಬಸವಲಿಂಗಮ್ಮ. ಬನಶಂಕರಿಯ ನಮ್ಮ ಬೀದಿಯ ಹಿಂದೆಯೇ ವಿಶ್ವವಿದ್ಯಾಲಯದ ಕಾಂಪೌಂಡು. ಆಗ ಅಲ್ಲಿದ್ದದ್ದು ಬರೀ ಒಂದು ಸಿಮೆಂಟಿನ ಅಂಗಳ, ಎರಡು ಕಂಬ, ತುಕ್ಕು ಹಿಡಿದ ಬುಟ್ಟಿಗಳು. ಸಂಜೆ ಆಟ ಶುರುವಾದರೆ ಸಾಕು, ಬಸವಲಿಂಗಮ್ಮ ಮತ್ತು ಅವರ ಯಜಮಾನರು ಗುರುಶಾಂತಪ್ಪ ಕುರ್ಚಿ ಹಿಡಿದು ತಾರಸಿ ಹತ್ತುತ್ತಿದ್ದರು. ಚೆಂಡು ಇವರ ಹಿತ್ತಲಿನ ತೊಂಡೆ ಚಪ್ಪರದ ಮೇಲೆ ಬಿದ್ದರೆ ಬಸವಲಿಂಗಮ್ಮ, "ಇನ್ನೊಂದ್ಸಲ ಬಿದ್ರೆ ಕುಯ್ದು ಹಾಕ್ತೀನಿ" ಎಂದು ಗದರಿ, ಅದನ್ನು ತಾರಸಿಗೆ ಹೊತ್ತೊಯ್ದು, ಅಲ್ಲಿಂದಲೇ ಬುಟ್ಟಿಗೆ ಗುರಿಯಿಟ್ಟು ಎಸೆಯುತ್ತಿದ್ದರು. ಒಮ್ಮೆಯೂ ಬೀಳಲಿಲ್ಲ, ಆ ಮಾತು ಬೇರೆ.

ನಾವು ಹೊಸದಾಗಿ ಬಂದಾಗ ದಿನಾ ಸಂಜೆ ಆ ತಾರಸಿಯ ಕೂಗಾಟ ಕೇಳಿ, ಪಾಪ, ಇವರ ಸಂಸಾರದಲ್ಲಿ ಏನೋ ತಾಪತ್ರಯ ಅಂದುಕೊಂಡಿದ್ದೆ. ಆಟದ ಜಗಳ ಎಂದು ಆಮೇಲೆ ತಿಳಿಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರಲ್ಲ, ಇವರದು ಕೊನೆಯ ಸೀಟಿ ಊದುವ ತನಕ.

ಗುರುಶಾಂತಪ್ಪನವರು ತೀರಿಕೊಂಡ ವರ್ಷವೇ ಆ ಅಂಗಳವನ್ನೂ ಅಗೆದರು. ಅಲ್ಲಿ ದೊಡ್ಡ ಒಳಾಂಗಣ ಕ್ರೀಡಾಂಗಣ ಎದ್ದು ನಿಂತಿತು. ತಾರಸಿಯಿಂದ ಈಗ ಕಾಣುವುದು ಅದರ ತಗಡಿನ ಸೂರು ಮಾತ್ರ. ಒಳಗೆ ಹುಡುಗರ ಕೂಗು ಕೇಳಿದರೆ ಬಸವಲಿಂಗಮ್ಮ ಒಲೆ ಆರಿಸಿ ಮೇಲೆ ಹೋಗಿ, ಸುಮ್ಮನೆ ನಿಂತು ಬರುತ್ತಿದ್ದರು.

ಬಹೂಪಯೋಗಿ ಎಂದು ಅದಕ್ಕೊಂದು ಬೋರ್ಡು ಬೇರೆ. ಒಮ್ಮೆ ಕಣ್ಣು ತಪಾಸಣೆಯ ಶಿಬಿರಕ್ಕೆ ಬೀದಿಯವರನ್ನೆಲ್ಲ ಒಳಗೆ ಕರೆದಿದ್ದರು. ನೆಲಕ್ಕೆ ಹಸಿರು ಜಮಖಾನ ಹಾಸಿ, ಬುಟ್ಟಿಗಳನ್ನು ಸೂರಿನತ್ತ ಮಡಚಿಟ್ಟಿದ್ದರು.

"ಘಟಿಕೋತ್ಸವ, ಪರೀಕ್ಷೆ, ಯೋಗ, ಎಲ್ಲಾ ಮಾಡ್ತಾರಂತೆ. ಚೆಂಡಾಟ ಇದ್ದಾಗ ಮಾತ್ರ ನಮ್ಮನ್ನ ಬಿಡಲ್ವಂತೆ," ಎಂದು ಬಸವಲಿಂಗಮ್ಮ ಗೊಣಗಿದರು. ಪಂದ್ಯಕ್ಕೆ ಐಡಿ ಕಾರ್ಡ್ ಇದ್ದವರಿಗಷ್ಟೇ ಪ್ರವೇಶ. ಗೇಟು ದಾಟುವಾಗ ನನ್ನ ಕೈ ಹಿಡಿದು ಅಂದರು, "ಕಣ್ಣು ಮುಚ್ಚೋದ್ರೊಳಗೆ ಒಂದೇ ಒಂದು ಆಟ ನೋಡ್ಬೇಕಿತ್ತು ಕಣಮ್ಮ."

ಈ ವರ್ಷ ನನ್ನ ಮಗಳು ಐಶ್ವರ್ಯ ಅದೇ ವಿಶ್ವವಿದ್ಯಾಲಯಕ್ಕೆ ಓದಲು ಸೇರಿದಳು. ಬಾಸ್ಕೆಟ್‌ಬಾಲ್ ಫೈನಲ್ ದಿನ ಮನೆಯವರನ್ನು ಕರೆತರಬಹುದು ಎಂದು ಅವಳಿಗೆ ಎರಡು ಪಾಸು ಕೊಟ್ಟರು. ಒಂದು ನನಗೆ, ಇನ್ನೊಂದು ಯಾರಿಗೆ ಎಂದು ಹೇಳಬೇಕಿಲ್ಲ. ಬಸವಲಿಂಗಮ್ಮ ಮದುವೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು ಬಂದರು.

ಗ್ಯಾಲರಿಯ ತುಂಬ ನಮ್ಮ ಹುಡುಗರದೇ ಗದ್ದಲ. ಎದುರು ತಂಡ ಬಾಗಲಕೋಟೆಯಿಂದ ಬಂದದ್ದು. ಅವರ ಹುಡುಗನೊಬ್ಬ ಚೆಂಡನ್ನು ಬುಟ್ಟಿಗೆ ಹಾಕಿದಾಗ ಎಲ್ಲರೂ ಗಪ್‌ಚಿಪ್. ಬಸವಲಿಂಗಮ್ಮ ಒಬ್ಬರೇ ಜೋರಾಗಿ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವರು ತಿರುಗಿ ನೋಡಿದರು. ನನಗೆ ನಾಚಿಕೆಯೇ ಆಯಿತು.

"ಅಜ್ಜಿ, ಅವ್ರು ಆಪೋಸಿಟ್ ಟೀಮು. ನಮ್ಮೋರು ನೀಲಿ ಬಟ್ಟೆ," ಎಂದಳು ಐಶ್ವರ್ಯ.

"ಗೊತ್ತು ಕಣೆ." ಬಸವಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮನೆಯವ್ರು ಯಾವಾಗ್ಲೂ ಹೊರಗಿಂದ ಬಂದೋರ ಕಡೆ. ಊರಿಗೆ ಬಂದಿರೋ ನೆಂಟ್ರು, ಅವ್ರಿಗೂ ಅಂತ ಒಬ್ರು ಬೇಡ್ವಾ ಅನ್ನೋರು. ನಮ್ಮ ಹುಡುಗ್ರನ್ನ ಬಿಟ್ಕೊಡ್ತೀರಲ್ಲ ಅಂತ ನಾನು ದಿನಾ ಬೈತಿದ್ದೆ. ಇವತ್ತು ನೋಡಿದ್ರೆ ಆ ಕಡೆ ಯಾರೂ ಇರ್ಲಿಲ್ಲ. ನಾನೇ ಹೋದೆ."