ಕ್ಲಚ್ ಒತ್ತಲು ಒಬ್ಬರು ಬೇಕು

“ಮನೆಯವ್ರಿಗೆ ಹೇಳಿ ಸಾಬ್, ಐದು ನಿಮಿಷದ ಕೆಲ್ಸ,” ಫೋನಿನಲ್ಲಿ ಅಂದುಬಿಟ್ಟ ನಮ್ಮ ಮೆಕ್ಯಾನಿಕ್ ಭಾಯ್. ಯಾವ ಮನೆಯವರು?

ನನ್ನ ಹಳೇ ಸ್ಪೋರ್ಟ್ಸ್ ಕಾರಿನ ಗೋಳು ಈ ಅಂಕಣ ಓದುವ ನಿಮಗೆ ಹೊಸದಲ್ಲ. (ಇರುವುದೇ ಎರಡು ಸೀಟು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಹಳೇ ಪೇಪರು.) ಶನಿವಾರ ಭಾಯ್ ಶಿವಾಜಿನಗರದಿಂದ ಬೆನ್ಸನ್ ಟೌನಿನ ನನ್ನ ಮನೆಗೇ ಬಂದು ಹೊಸ ಕ್ಲಚ್ಚು, ಹಗುರವಾದ ಫ್ಲೈವೀಲು ಕೂರಿಸಿ ಹೋಗಿದ್ದ. ಎಂಜಿನ್ ಜೊತೆ ತಿರುಗುವ ಆ ಕಬ್ಬಿಣದ ಚಕ್ರ ಹಗುರವಾದಷ್ಟೂ ಕಾರು ಚುರುಕು. ನಿಧಾನಕ್ಕೆ ಹೋದರೆ ಮಾತ್ರ ಆಫ್ ಆಗುತ್ತದಂತೆ. ಇರಲಿ, ಭಾರ ಇಳಿಸಿಕೊಳ್ಳುವುದರಲ್ಲಿ ನಾನು ಎಕ್ಸ್‌ಪರ್ಟು. ಮದುವೆ ಮುರಿದ ಮೇಲೆ ನೆಂಟರು, ಗೆಳೆಯರು ಎಲ್ಲರನ್ನೂ ಇಳಿಸಿದವನು.

ಭಾನುವಾರ ಬೆಳಿಗ್ಗೆ ಕ್ಲಚ್ ಪೆಡಲ್ ಒತ್ತಿದರೆ ನೆಲಕ್ಕೇ ಮಲಗಿತು. ಕ್ಲಚ್ಚಿನ ಆಯಿಲ್ ಪೈಪಿನಲ್ಲಿ ಗಾಳಿ ಸೇರಿದೆ. ತೆಗೆಯಬೇಕೆಂದರೆ ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸ್ಕ್ರೂ ಬಿಚ್ಚಿ, ಗಾಳಿ ಸೇರಿದ ಆಯಿಲನ್ನು ಬಾಟಲಿಗೆ ಇಳಿಸಬೇಕು. ಅದಕ್ಕೇ ಭಾಯ್ ಆ ಮಾತು ಹೇಳಿದ್ದು.

ಮೊಬೈಲಿನ ನಂಬರುಗಳನ್ನೆಲ್ಲ ನೋಡಿದೆ. ಗ್ಯಾಸು, ಕೇಬಲ್ಲು, ಆಫೀಸು. ಒಂದು ಪೆಡಲ್ ಒತ್ತಲು ಕರೆಯುವಂಥ ಒಬ್ಬರೂ ಇಲ್ಲವೇ? ಅಳು ಬಂತು ಕಣ್ರೀ, ಸುಳ್ಳೇಕೆ ಹೇಳಲಿ.

ಕೊನೆಗೆ ಪಕ್ಕದ ಮನೆಯ ಅರುಳಪ್ಪನವರ ಗೇಟು ತಟ್ಟಿದೆ. ಹೆಂಡತಿ ತೀರಿಕೊಂಡ ಮೇಲೆ ಅವರೂ ಒಬ್ಬರೇ. ಆರು ವರ್ಷದಲ್ಲಿ ನನ್ನೊಡನೆ ಆಡಿದ್ದು ಒಂದೇ ಮಾತು: “ಸೌಂಡ್ ಕಮ್ಮಿ ಮಾಡಿ.”

“ಸಾರ್, ಐದು ನಿಮಿಷ ಕಾಲು ಕೊಡ್ತೀರಾ?” ಅಂದೆ. (ಕೈ ಕೊಟ್ಟವರು ಬೇಕಾದಷ್ಟು ಜನ. ಕಾಲು ಕೊಡುವವರು ಸಿಗಬೇಕಲ್ಲ.)

“ಕಾಲಾ?” ಅಂದವರೇ ಒಳಗೆ ಹೋದರು. ಬೈದುಕೊಂಡಿರಬೇಕು ಎಂದು ನಾನು ತಿರುಗುವಷ್ಟರಲ್ಲಿ ಇಸ್ತ್ರಿ ಶರ್ಟು, ಶೂ ಹಾಕಿಕೊಂಡು ಬಂದರು.

“ಒತ್ತಿ ಸಾರ್!”

“ಒತ್ತಿದೀನಿ!”

“ಹಿಡ್ಕೊಳ್ಳಿ... ಹಾಂ, ಈಗ ಬಿಡಿ!”

ನಡುನಡುವೆ ಮಾತು ಶುರುವಾಯಿತು. ಶಿವಾಜಿನಗರದಿಂದ ಕೆ.ಆರ್. ಪುರಕ್ಕೆ ಮೂವತ್ತು ವರ್ಷ ಸಿಟಿ ಬಸ್ ಓಡಿಸಿದವರಂತೆ. “ಹಲಸೂರ್ ಜಾಮಲ್ಲಿ ಕ್ಲಚ್ ಒತ್ತೀ ಒತ್ತೀ ಎಡಗಾಲೇ ದಪ್ಪ ಆಗೋಯ್ತು,” ಎಂದು ನಕ್ಕರು. ಅವರು ನಗುವುದನ್ನು ನಾನು ಕೇಳಿದ್ದೇ ಮೊದಲು.

ಬಾಟಲಿಗೆ ಬರುತ್ತಿದ್ದ ಗುಳ್ಳೆ ನಿಂತಿತು. ಗಾಳಿ ಪೂರ್ತಿ ಹೋಗಿತ್ತು. ಇನ್ನು ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ.

“ಇನ್ನೂ ಗಾಳಿ ಇದ್ಯಾ?” ಮೇಲಿಂದ ಕೇಳಿದರು.

“ಇದೆ ಸಾರ್, ಇನ್ನೂ ಸ್ವಲ್ಪ,” ಅಂದೆ.

ಹೀಗೇ ಮುಕ್ಕಾಲು ಗಂಟೆ ನಡೆಯಿತು. ಮತ್ತೆ ಮತ್ತೆ ತುಂಬಿದ ಒಳ್ಳೇ ಆಯಿಲ್ ಸುಮ್ಮನೆ ಬಾಟಲಿಗೆ ಇಳಿಯುತ್ತಿತ್ತು. ಇಳಿಯಲಿ ಬಿಡಿ.

ನಾನು ಹೇಳಿದ್ದೇನೋ ಸುಳ್ಳು. ಆದರೆ ಮೂವತ್ತು ವರ್ಷ ಬಸ್ಸಿನ ಕ್ಲಚ್ ಒತ್ತಿದ ಕಾಲಿಗೆ, ಗಾಳಿ ಹೋದದ್ದು ಗೊತ್ತಾಗಲಿಲ್ಲವೇ?